ಒಳಗಿನಿಂದ ಅಗಳಿ ಹಾಕಿದ ಬಾಗಿಲು: ಹಳೆಯ ಮಲಬದ್ಧತೆಗೆ ಬಯೋಫೀಡ್‌ಬ್ಯಾಕ್ ತರಬೇತಿಯ ಒಂದು ಪ್ರಕರಣ

ಧಾರವಾಡ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುವ 38 ವರ್ಷದ ಶಿಕ್ಷಕಿ ಮೊದಲ ಸಲ ನಮ್ಮಲ್ಲಿಗೆ ಬಂದಾಗ ಅವರ ಚೀಲದಲ್ಲಿ ಎರಡು ದಪ್ಪ ಕಡತಗಳೂ ಒಂದು ನೋಟುಪುಸ್ತಕವೂ ಇದ್ದವು. ಕಡತಗಳಲ್ಲಿ 11 ವರ್ಷಗಳ ವೈದ್ಯಕೀಯ ವರದಿಗಳಿದ್ದವು. ನೋಟುಪುಸ್ತಕದಲ್ಲಿ ಯಾವ ದಿನ ಯಾವ ಔಷಧ, ಅದರಿಂದ ಏನಾಯಿತು ಎಂಬುದನ್ನು ಮಕ್ಕಳ ಹಾಜರಿ ಬರೆಯುವ ಶಿಸ್ತಿನಲ್ಲೇ ಅವರು ಬರೆದುಕೊಂಡಿದ್ದರು. ಜೀರ್ಣಾಂಗ ತಜ್ಞರು ಅವರನ್ನು ನನ್ನ ಬಳಿಗೆ, ಅಂದರೆ ಫಿಸಿಯೋಥೆರಪಿ ಕೊಠಡಿಗೆ ಕಳುಹಿಸಿದ್ದು ಅವರಿಗೆ ಸೋಜಿಗವಾಗಿತ್ತು. ಹೊಟ್ಟೆಯ ತೊಂದರೆಗೂ ವ್ಯಾಯಾಮ ಹೇಳಿಕೊಡುವವರಿಗೂ ಏನು ಸಂಬಂಧವೆಂದು ಕುಳಿತ ತಕ್ಷಣ ಕೇಳಿದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ದೂರು ಮತ್ತು ಹಿನ್ನೆಲೆ

ಅವರ ಮುಖ್ಯ ದೂರು ಮಲಬದ್ಧತೆ. ಆದರೆ ಆ ಒಂದು ಪದದೊಳಗೆ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆಯಾದ್ದರಿಂದ ಬಿಡಿಸಿ ಕೇಳುವುದು ಅಗತ್ಯವಾಗಿತ್ತು. ಔಷಧ ತೆಗೆದುಕೊಳ್ಳದಿದ್ದರೆ ವಾರಕ್ಕೆ ಒಂದು ಸಲ ಮಾತ್ರ ಮಲವಿಸರ್ಜನೆ ಆಗುತ್ತಿತ್ತು. ಆಗುವಾಗಲೂ ಅರ್ಧ ಗಂಟೆಗೂ ಮಿಕ್ಕಿ ಮುಕ್ಕಬೇಕಾಗುತ್ತಿತ್ತು, ಅಂದರೆ ತಿಣುಕಬೇಕಾಗುತ್ತಿತ್ತು. ಎದ್ದು ಬಂದ ಮೇಲೂ ಇನ್ನೂ ಒಳಗೇ ಉಳಿದಿದೆ ಎಂಬ ಭಾವನೆ ಹೋಗುತ್ತಿರಲಿಲ್ಲ. ಮಲದ ರೂಪವನ್ನು ಏಳು ಬಗೆಗಳಾಗಿ ವಿಂಗಡಿಸುವ ಬ್ರಿಸ್ಟಲ್ ಪಟ್ಟಿಯಲ್ಲಿ ಅವರು ಗುರುತಿಸಿದ್ದು ಒಂದು ಮತ್ತು ಎರಡನೆಯ ಬಗೆಗಳನ್ನು, ಅಂದರೆ ಗಟ್ಟಿ ಉಂಡೆಗಳನ್ನು. ಕೆಲವು ಸಲ ಬೆರಳಿನ ಸಹಾಯ ಪಡೆಯಬೇಕಾಗುತ್ತಿತ್ತು ಎಂಬುದನ್ನು ಅವರು ಹೇಳಿದ್ದು ಮೂರನೆಯ ಭೇಟಿಯಲ್ಲಿ, ಬಾಗಿಲು ಮುಚ್ಚಿದೆಯೇ ಎಂದು ಹಿಂದಿರುಗಿ ನೋಡಿದ ಮೇಲೆ. ರೋಗ ಯಾವುದೆಂದು ಗುರುತಿಸಲು ಈ ಒಂದು ಮಾಹಿತಿ ಎಷ್ಟು ನೆರವಾಗುತ್ತದೋ ಅಷ್ಟೇ ಕಷ್ಟದಿಂದ ಅದು ರೋಗಿಯ ಬಾಯಿಂದ ಹೊರಬರುತ್ತದೆ. ವೈದ್ಯರು ತಾವಾಗಿ ಕೇಳದಿದ್ದರೆ ಬಹುಮಟ್ಟಿಗೆ ಬರುವುದೇ ಇಲ್ಲ.

ಔಷಧೋಪಚಾರದ ಇತಿಹಾಸ ನಮ್ಮ ಕಡೆಯ ಯಾವುದೇ ಮನೆಯ ಇತಿಹಾಸದಂತೆಯೇ ಇತ್ತು. ಮೊದಲು ತುಪ್ಪ ಹಾಕಿದ ಬಿಸಿನೀರು, ಬಾಳೆಹಣ್ಣು, ನೆನೆಸಿದ ಒಣದ್ರಾಕ್ಷಿ. ಬಳಿಕ ಅತ್ತೆಯವರ ಸಲಹೆಯಂತೆ ಹರಳೆಣ್ಣೆ, ತ್ರಿಫಲಾ ಚೂರ್ಣ. ಆಮೇಲೆ ಔಷಧದಂಗಡಿಯ ಇಸಬಗೋಲು, ಲ್ಯಾಕ್ಟುಲೋಸ್ ಸಿರಪ್, ಬಿಸಾಕೊಡಿಲ್ ಮಾತ್ರೆ, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಪ್ರತಿಯೊಂದೂ ಕೆಲವು ವಾರ ಕೆಲಸ ಮಾಡಿ ನಂತರ ಸೋತಿತ್ತು. ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ ಪರೀಕ್ಷೆಗಳು ಸರಿಯಿದ್ದವು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಯಲ್ಲಿ ಯಾವ ದೋಷವೂ ಕಂಡಿರಲಿಲ್ಲ. ರಕ್ತಸ್ರಾವವಾಗಲಿ, ತೂಕ ಇಳಿಯುವುದಾಗಲಿ ಇರಲಿಲ್ಲ. ಎರಡೂ ಹೆರಿಗೆಗಳು ಸಹಜವಾಗಿ ಆಗಿದ್ದವು. ಇಂಥ ರೋಗಿಗಳಲ್ಲಿ ಹಿಂದೆ ನಡೆದಿರಬಹುದಾದ ದೈಹಿಕ ಅಥವಾ ಲೈಂಗಿಕ ದೌರ್ಜನ್ಯದ ಬಗ್ಗೆ ನಯವಾಗಿ ವಿಚಾರಿಸಬೇಕಾಗುತ್ತದೆ. ವಿಚಾರಿಸಿದೆವು, ಅಂಥದ್ದೇನೂ ಇರಲಿಲ್ಲ.

ಎಲ್ಲ ವರದಿಗಳೂ ಸರಿಯಿದ್ದುದರಿಂದ, ಇದು ಮನಸ್ಸಿನ ಚಿಂತೆಯಿಂದ ಬಂದದ್ದು ಎಂಬ ತೀರ್ಮಾನ ಕಡತದ ನಡುವೆ ಎಲ್ಲೋ ಒಂದು ಕಡೆ ಸೇರಿಕೊಂಡಿತ್ತು, ಮತ್ತು ಆರು ತಿಂಗಳ ಕಾಲ ಆತಂಕ ಕಡಿಮೆ ಮಾಡುವ ಮಾತ್ರೆಯೂ ನಡೆದಿತ್ತು. ಆ ಮಾತು ಅವರನ್ನು ಬಹಳ ನೋಯಿಸಿತ್ತು. "ಹೊಟ್ಟಿ ಕಟ್ಟಿದ್ದಕ್ಕ ಚಿಂತಿ ಬಂದದರೀ, ಚಿಂತಿ ಮಾಡಿ ಹೊಟ್ಟಿ ಕಟ್ಟಿಲ್ಲ" ಎಂದು ಅವರು ನನಗೆ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ ಅವರಿಗೂ ತಿಳಿದಿರಲಿಲ್ಲ, ನಮಗೂ ಆಗ ತಿಳಿದಿರಲಿಲ್ಲ.

ತೊಂದರೆ ಯಾವಾಗ ಶುರುವಾಯಿತೆಂದು ಹಿಂದೆ ಹಿಂದೆ ಹೋದಾಗ ಅವರ ಮೊದಲ ಶಾಲೆಯ ಮಾತು ಬಂತು. ಅಲ್ಲಿ ಇದ್ದದ್ದು ಒಂದೇ ಶೌಚಾಲಯ. ಅದಕ್ಕೆ ನೀರಿರಲಿಲ್ಲ, ಬಾಗಿಲಿಗೆ ಚಿಲಕವಿರಲಿಲ್ಲ, ಎದುರಿಗೇ ಊರ ರಸ್ತೆ. ಬೆಳಗಿನ ಏಳೂವರೆಯ ಬಸ್ಸಿಗೆ ಮನೆ ಬಿಟ್ಟರೆ ಹಿಂದಿರುಗುವುದು ಸಂಜೆ ಆರಕ್ಕೆ. ಅಷ್ಟು ಹೊತ್ತು ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಬಂದ ಒತ್ತಡವನ್ನು ತಡೆದುಕೊಂಡು ಅವರು ಆರು ವರ್ಷ ಕೆಲಸ ಮಾಡಿದ್ದರು. ಐದು ವರ್ಷಗಳ ಹಿಂದೆ ವರ್ಗಾವಣೆಯಾಗಿ ಒಳ್ಳೆಯ ಶೌಚಾಲಯವಿರುವ ಶಾಲೆಗೆ ಬಂದರು. ತೊಂದರೆ ಮಾತ್ರ ಜೊತೆಯಲ್ಲೇ ಬಂತು.

ಪರೀಕ್ಷೆ

ನಮ್ಮ ತಜ್ಞರು ಮೊದಲು ಮಾಡಿದ್ದು ಕೈಗವಸು ಹಾಕಿ ಬೆರಳಿನಿಂದ ಗುದದ್ವಾರದ ಪರೀಕ್ಷೆ. 11 ವರ್ಷಗಳ ಕಡತದಲ್ಲಿ ಈ ಪರೀಕ್ಷೆ ಮಾಡಿದ ದಾಖಲೆ ಒಂದು ಕಡೆಯೂ ಇರಲಿಲ್ಲ ಎಂಬುದನ್ನು ಇಲ್ಲಿ ಬರೆಯದೆ ಇರಲಾರೆ. ಸಂಕೋಚ ರೋಗಿಗಷ್ಟೇ ಅಲ್ಲ, ವೈದ್ಯರಿಗೂ ಇರುತ್ತದೆ. ಈಗ ನಾವು ಅನುಮಾನಿಸುತ್ತಿದ್ದ ದೋಷವನ್ನು ಅನುಭವಿ ಬೆರಳು ಸುಮಾರು ನಾಲ್ಕರಲ್ಲಿ ಮೂರು ರೋಗಿಗಳಲ್ಲಿ ಗುರುತಿಸಬಲ್ಲದೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಖರ್ಚು ಒಂದು ಜೊತೆ ಕೈಗವಸಿನದು. "ಮಲ ಹೊರಹಾಕುವಂತೆ ಮುಕ್ಕಿರಿ" ಎಂದಾಗ ಇವರ ಸ್ನಾಯು ಬೆರಳನ್ನು ಬಿಡುವ ಬದಲು ಹಿಡಿಯಿತು.

ಮಲವಿಸರ್ಜನೆ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಗುದದ್ವಾರಕ್ಕೆ ಎರಡು ಉಂಗುರ ಸ್ನಾಯುಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ಮಲಾಶಯ ತುಂಬಿದಾಗ ತಾನಾಗಿಯೇ ಸಡಿಲಗೊಳ್ಳುತ್ತದೆ. ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಇವುಗಳ ಜೊತೆಗೆ ಪ್ಯುಬೊರೆಕ್ಟಾಲಿಸ್ ಎಂಬ ಇನ್ನೊಂದು ಸ್ನಾಯು ಮಲಾಶಯದ ಹಿಂಬದಿಯನ್ನು ಜೋಲಿಯಂತೆ ಬಳಸಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಇದರಿಂದ ದಾರಿ ಸರಿಸುಮಾರು ಲಂಬಕೋನದಲ್ಲಿ ಬಾಗಿ, ನಾವು ನಿಂತಾಗಲೂ ಕುಳಿತಾಗಲೂ ಎಲ್ಲವೂ ಒಳಗೆ ನಿಲ್ಲುತ್ತದೆ. ವಿಸರ್ಜನೆಯ ಹೊತ್ತಿಗೆ ಎರಡು ಕೆಲಸ ಒಟ್ಟಿಗೇ ಆಗಬೇಕು: ಹೊಟ್ಟೆಯ ಒತ್ತಡ ಮೇಲಿನಿಂದ ಇಳಿಯಬೇಕು, ಕೆಳಗಿನ ಜೋಲಿಯೂ ಹೊರ ಉಂಗುರವೂ ಸಡಿಲವಾಗಿ ದಾರಿ ನೇರವಾಗಬೇಕು. ಈ ಹೊಂದಾಣಿಕೆ ತಪ್ಪುವುದಕ್ಕೆ ಡಿಸ್‌ಸಿನರ್ಜಿಯಾ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಗಳಿಗೆ ಬರುವ ಹಳೆಯ ಮಲಬದ್ಧತೆಯ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ತೊಂದರೆ ಇದೇ.

ಮರುವಾರ ಮ್ಯಾನೊಮೆಟ್ರಿ ಮಾಡಲಾಯಿತು. ತೆಳುವಾದ ನಳಿಕೆಯೊಂದನ್ನು ಗುದದ್ವಾರದ ಮೂಲಕ ಮಲಾಶಯದವರೆಗೆ ಇಳಿಸಿ ಎರಡೂ ಕಡೆಯ ಒತ್ತಡವನ್ನು ಏಕಕಾಲಕ್ಕೆ ಅಳೆಯುವ ಪರೀಕ್ಷೆ ಇದು. ವಿಶ್ರಾಂತಿಯಲ್ಲಿ ಅವರ ಗುದದ್ವಾರದ ಒತ್ತಡ 70 ಮಿ.ಮೀ. ಪಾದರಸದಷ್ಟಿತ್ತು. ಮುಕ್ಕಲು ಹೇಳಿದಾಗ ಮಲಾಶಯದ ಒತ್ತಡ 54ಕ್ಕೆ ಏರಿತು, ಅಷ್ಟು ಸಾಕು. ಆದರೆ ಅದೇ ಗಳಿಗೆಯಲ್ಲಿ ಕನಿಷ್ಠ ಶೇ. 20ರಷ್ಟು ಇಳಿಯಬೇಕಾಗಿದ್ದ ಗುದದ್ವಾರದ ಒತ್ತಡ 98ಕ್ಕೆ ಏರಿತು. ಡಿಸ್‌ಸಿನರ್ಜಿಯಾದ ನಾಲ್ಕು ಬಗೆಗಳಲ್ಲಿ ಇದು ಮೊದಲನೆಯದು: ನೂಕುವ ಬಲವಿದೆ, ತಡೆಯುವ ಬಲ ಅದಕ್ಕಿಂತ ಹೆಚ್ಚಿದೆ. ಇನ್ನೊಂದು ದೋಷವೂ ಕಂಡಿತು. ಮಲಾಶಯದಲ್ಲಿ ಇರಿಸಿದ ಪುಟ್ಟ ಬಲೂನಿಗೆ ಗಾಳಿ ತುಂಬುತ್ತ ಹೋದಾಗ, ಶೌಚಕ್ಕೆ ಹೋಗಬೇಕೆನಿಸುವ ಒತ್ತಡ ಅವರಿಗೆ ತಿಳಿದದ್ದು 160 ಮಿ.ಲೀ. ಆದ ಮೇಲೆ. ಆರು ವರ್ಷ ಕಡೆಗಣಿಸಲ್ಪಟ್ಟ ಕರೆ ಮೆಲ್ಲಗಾಗಿತ್ತು.

ಪರೀಕ್ಷಾ ಕೊಠಡಿಯಲ್ಲಿ ಎಡಮಗ್ಗುಲಾಗಿ ಮಲಗಿ, ಅಪರಿಚಿತರ ಎದುರು ಮುಕ್ಕಲು ಹೇಳಿದರೆ ಆರೋಗ್ಯವಂತರ ಸ್ನಾಯುವೂ ಬಿಗಿದುಕೊಳ್ಳುವುದುಂಟು. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬಿ ಈ ರೋಗನಿರ್ಣಯ ಮಾಡುವಂತಿಲ್ಲ. 50 ಮಿ.ಲೀ. ಬೆಚ್ಚಗಿನ ನೀರು ತುಂಬಿದ ಬಲೂನನ್ನು ಏಕಾಂತದಲ್ಲಿ ಹೊರಹಾಕುವ ಪರೀಕ್ಷೆಯನ್ನೂ ಮಾಡಿದೆವು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಆಗಬೇಕಾದದ್ದು ಅವರಿಗೆ ನಾಲ್ಕು ನಿಮಿಷವಾದರೂ ಆಗಲಿಲ್ಲ. ಹುಟ್ಟಿದಾಗಿನಿಂದ ಕುಕ್ಕರಗಾಲಿನಲ್ಲಿ ಕುಳಿತು ಅಭ್ಯಾಸವಿರುವವರನ್ನು ಕುರ್ಚಿಯಂಥ ಕಮೋಡಿನ ಮೇಲೆ ಕೂರಿಸಿ ಅಳೆಯುವುದು ನ್ಯಾಯವಲ್ಲವೆಂದು ನನಗೆ ಅನ್ನಿಸಿದ್ದರಿಂದ, ಕಾಲಡಿಗೆ ಎತ್ತರದ ಮಣೆಯಿಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ ಮತ್ತೊಮ್ಮೆ ಪ್ರಯತ್ನಿಸಿದೆವು. ಫಲಿತಾಂಶ ಬದಲಾಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನಾನು ಅವರಿಗೆ ಪರದೆಯ ಮೇಲಿನ ಎರಡು ಗೆರೆಗಳನ್ನು ತೋರಿಸಿದೆ. ನೀಲಿ ಗೆರೆ ನೂಕುವ ಒತ್ತಡ, ಕೆಂಪು ಗೆರೆ ತಡೆಯುವ ಒತ್ತಡ. ನೀಲಿ ಏರಿದಾಗ ಕೆಂಪು ಇಳಿಯಬೇಕಿತ್ತು, ನಿಮ್ಮಲ್ಲಿ ಎರಡೂ ಏರುತ್ತಿವೆ ಎಂದೆ. ಅವರು ಬಹಳ ಹೊತ್ತು ನೋಡಿದರು. "ಅಂದ್ರ ಇಷ್ಟು ವರ್ಷ ಒಳಗಿಂದ ಅಗಳಿ ಹಾಕ್ಕೊಂಡು ನಾನ ಬಾಗಿಲಾ ದೂಡಾಕತ್ತಿದ್ನೇನ್ರಿ?" ಎಂದು ಕೇಳಿದರು. ನಾನು ಇದುವರೆಗೆ ಓದಿರುವ ಯಾವ ವಿವರಣೆಯೂ ಇದಕ್ಕಿಂತ ನಿಖರವಾಗಿಲ್ಲ.

ಈ ಚಿಕಿತ್ಸೆಯೇ ಏಕೆ

ಬಯೋಫೀಡ್‌ಬ್ಯಾಕ್ ಎಂದರೆ ದೇಹದೊಳಗೆ ನಡೆಯುವ, ನಮಗೆ ಸ್ಪಷ್ಟವಾಗಿ ಅರಿವಾಗದ ಕ್ರಿಯೆಯೊಂದನ್ನು ಉಪಕರಣದಿಂದ ಅಳೆದು, ಆ ಅಳತೆಯನ್ನು ಅದೇ ಕ್ಷಣದಲ್ಲಿ ಆ ವ್ಯಕ್ತಿಗೇ ಕಾಣುವಂತೆ ಅಥವಾ ಕೇಳುವಂತೆ ಮಾಡಿ, ಅದನ್ನು ಬದಲಿಸಲು ಕಲಿಸುವುದು. ಈ ಹೆಸರು ನಿಂತದ್ದು 1969ರಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಸಂಶೋಧಕರು ಸೇರಿ ಒಂದು ಸಂಘ ಕಟ್ಟಿಕೊಂಡಾಗ. ಕೆಲಸ ಮಾತ್ರ ಹೆಸರಿಗಿಂತ ಹಳೆಯದು. ಹೆರಿಗೆಯ ನಂತರ ಮೂತ್ರ ಸೋರುವ ಮಹಿಳೆಯರಿಗಾಗಿ ಲಾಸ್ ಏಂಜಲೀಸ್‌ನ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1940ರ ದಶಕದಲ್ಲೇ ಒತ್ತಡ ಮಾಪಕವೊಂದನ್ನು ರೂಪಿಸಿದ್ದರು. ಸ್ನಾಯು ಬಿಗಿದಾಗ ಮುಳ್ಳು ಏರುವುದನ್ನು ಮಹಿಳೆ ಕಣ್ಣಾರೆ ನೋಡುತ್ತ ಅಭ್ಯಾಸ ಮಾಡುತ್ತಿದ್ದಳು. ಇಂದು ಕೆಗೆಲ್ ವ್ಯಾಯಾಮ ಎಂಬ ಹೆಸರಷ್ಟೇ ಉಳಿದು ಮುಳ್ಳಿನ ಮಾಪಕ ಮರೆತುಹೋಗಿರುವುದು ನನ್ನಂಥವರಿಗೆ ಒಂದು ಸಣ್ಣ ಬೇಸರ. 1974ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೈದ್ಯರು ಮಲ ಸೋರುವ ರೋಗಿಗಳಿಗೂ, 1987ರಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ಲೈಯನ್‌ಬರ್ಗ್ ಮತ್ತು ಕೈಪರ್ಸ್ ಅದರ ವಿರುದ್ಧದ ತೊಂದರೆಗೆ, ಅಂದರೆ ಬಿಡಲಾಗದ ಸ್ನಾಯುವಿಗೂ ಇದೇ ವಿಧಾನವನ್ನು ಬಳಸಿದರು.

ಬಯೋಫೀಡ್‌ಬ್ಯಾಕ್ ಹೆಸರಿನಲ್ಲಿ ಈಗ ಮಾರುಕಟ್ಟೆಯಲ್ಲಿ ಹಣೆಪಟ್ಟಿ, ಉಂಗುರ, ಮೊಬೈಲ್ ಆ್ಯಪ್‌ಗಳು ಮನಶ್ಶಾಂತಿಯ ಭರವಸೆ ಕೊಡುತ್ತಿವೆ. ಅವೆಲ್ಲ ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಈ ಚಿಕಿತ್ಸೆಗೆ ಅತ್ಯಂತ ಗಟ್ಟಿ ಪುರಾವೆ ಇರುವ ಕಡೆಗಳಲ್ಲಿ ಒಂದು ಯಾರೂ ಜಾಹೀರಾತು ಮಾಡದ ಈ ತೊಂದರೆಯೇ. ಇಟಲಿಯಲ್ಲಿ ಕಿಯಾರಿಯೋನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 109 ರೋಗಿಗಳಲ್ಲಿ 54 ಮಂದಿಗೆ ಐದು ವಾರಗಳ ಬಯೋಫೀಡ್‌ಬ್ಯಾಕ್ ಕೊಟ್ಟು, ಉಳಿದವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಕೊಟ್ಟರು. ಆರು ತಿಂಗಳ ಬಳಿಕ ಗಣನೀಯ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 22. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು 2007ರಲ್ಲಿ ಅಮೆರಿಕದ ಹೇಮನ್ ತಂಡ ಪ್ರಕಟಿಸಿದ ಹೋಲಿಕೆ. ಅಲ್ಲಿ ಬಯೋಫೀಡ್‌ಬ್ಯಾಕ್ ಪಡೆದವರಲ್ಲಿ ಶೇ. 70 ಮಂದಿ ತೃಪ್ತಿಕರ ಪರಿಹಾರ ಕಂಡರು. ಹುಸಿ ಮಾತ್ರೆ ಪಡೆದವರಲ್ಲಿ ಶೇ. 38, ಸ್ನಾಯುವನ್ನು ಸಡಿಲಿಸುವ, ಆತಂಕವನ್ನೂ ತಗ್ಗಿಸುವ ಡಯಜೆಪಾಮ್ ಪಡೆದವರಲ್ಲಿ ಶೇ. 23. ಬರೀ ಸಡಿಲಗೊಳ್ಳುವುದರಿಂದಲೇ ಗುಣವಾಗುವುದಿದ್ದರೆ ಈ ಔಷಧ ಗೆಲ್ಲಬೇಕಿತ್ತು. ಅದು ಹುಸಿ ಮಾತ್ರೆಯನ್ನೂ ಮೀರಲಿಲ್ಲ. ಎಲ್ಲಿ, ಯಾವ ಗಳಿಗೆಯಲ್ಲಿ, ಯಾವುದನ್ನು ಬಿಗಿಹಿಡಿದು ಯಾವುದನ್ನು ಬಿಡಬೇಕೆಂಬುದು ಒಂದು ಕೌಶಲ. ಕೌಶಲವನ್ನು ಮಾತ್ರೆಯಲ್ಲಿ ಕೊಡಲಾಗದು.

ನಮ್ಮ ಶಿಕ್ಷಕಿಗೆ ಆರು ತಿಂಗಳು ಆತಂಕದ ಮಾತ್ರೆ ಕೊಟ್ಟೂ ಪ್ರಯೋಜನವಾಗದಿದ್ದುದಕ್ಕೆ ವಿವರಣೆ ಇಲ್ಲೇ ಇತ್ತು. ಮನಸ್ಸಿಗೂ ದೇಹಕ್ಕೂ ಸಂಬಂಧವಿದೆ ಎನ್ನುವುದನ್ನು ನಮ್ಮಲ್ಲಿ "ಎಲ್ಲ ನಿನ್ನ ಮನಸ್ಸಿನಲ್ಲೇ ಇದೆ" ಎಂಬ ಅರ್ಥದಲ್ಲಿ ಬಳಸುವವರೇ ಹೆಚ್ಚು. ಇಲ್ಲಿ ನಡೆದದ್ದು ಬೇರೆ. ಚಿಲಕವಿಲ್ಲದ ಬಾಗಿಲಿನ ಭಯ ಆರು ವರ್ಷ ದಿನವೂ ಒಂದು ಸ್ನಾಯುವಿಗೆ ಪಾಠ ಹೇಳಿತ್ತು. ಭಯ ಹೋದ ಮೇಲೂ ಸ್ನಾಯು ಪಾಠ ಮರೆತಿರಲಿಲ್ಲ. ಅವರ ತೊಂದರೆ ಕಲ್ಪನೆಯದಲ್ಲ, ಅಳತೆಗೆ ಸಿಕ್ಕಿದ್ದು; ಕಲಿತದ್ದಾದ್ದರಿಂದ ಬೇರೆ ರೀತಿಯಲ್ಲಿ ಕಲಿಯಲು ಬರುವಂಥದ್ದು.

ತರಬೇತಿ

ಎರಡು ವಾರಕ್ಕೊಂದರಂತೆ, ಸುಮಾರು ಒಂದು ಗಂಟೆಯ ಆರು ಭೇಟಿಗಳನ್ನು ಗೊತ್ತು ಮಾಡಿಕೊಂಡೆವು. ಊರಿನಿಂದ ಬಂದು ಹೋಗಲು ಅವರಿಗೆ ಪೂರ್ತಿ ಒಂದು ದಿನ ಬೇಕಾಗುತ್ತಿತ್ತು. ರಜೆ ಅರ್ಜಿಯಲ್ಲಿ ಕಾರಣ ಏನು ಬರೆಯುತ್ತೀರಿ ಎಂದು ಕೇಳಿದಾಗ, ಬೆನ್ನುನೋವು ಎಂದು ಬರೆದಿರುವುದಾಗಿ ನಕ್ಕರು. ಕೊಠಡಿಯಲ್ಲಿ ನಾನು ಮತ್ತು ಒಬ್ಬ ಮಹಿಳಾ ಸಹಾಯಕಿ ಮಾತ್ರ ಇರುವುದು, ಅವರು ಬೇಡವೆಂದ ಕ್ಷಣ ನಿಲ್ಲಿಸುವುದು ಎಂಬ ಎರಡು ಮಾತುಗಳನ್ನು ಮೊದಲೇ ಕೊಟ್ಟಿದ್ದೆವು.

ಮೊದಲನೆಯ ಭೇಟಿ ಸೋತಿತು; ಸೋಲಿನಲ್ಲಿ ನನ್ನ ಪಾಲು ದೊಡ್ಡದು. ನಳಿಕೆ ಇರಿಸಿ, ಪರದೆಯನ್ನು ಅವರತ್ತ ತಿರುಗಿಸಿ, "ಮುಕ್ಕುವಾಗ ಕೆಳಗೆ ಸಡಿಲ ಬಿಡಿ" ಎಂದೆ. ಕೆಂಪು ಗೆರೆ ಏರಿತು. ಇನ್ನೊಮ್ಮೆ ಎಂದೆ, ಮತ್ತೂ ಏರಿತು. ಹತ್ತು ಪ್ರಯತ್ನಗಳಲ್ಲಿ ಹತ್ತು ಸಲವೂ ಏರಿತು. ಪರದೆ ಅವರಿಗೆ ಪರೀಕ್ಷೆಯ ಫಲಿತಾಂಶದ ಹಲಗೆಯಾಗಿಬಿಟ್ಟಿತ್ತು. ಗೆರೆ ಇಳಿಸಲು ಅವರು ಹೆಚ್ಚು ಶ್ರಮಪಟ್ಟಷ್ಟೂ ದವಡೆ, ಭುಜ, ತೊಡೆ ಎಲ್ಲ ಬಿಗಿಯುತ್ತಿದ್ದವು. "ಸಡಿಲ ಬಿಡಿ" ಎಂಬ ಮಾತನ್ನು ನಾನು ಅಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಯಾವ ಸ್ನಾಯು ಎಲ್ಲಿದೆಯೆಂದೇ ತಿಳಿಯದವರಿಗೆ ಅದನ್ನು ಬಿಡು ಎನ್ನುವುದರಲ್ಲಿ ಅರ್ಥವಿಲ್ಲ ಎಂಬುದು, ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ನನಗೆ, ಅವರು ಬಸ್ಸು ಹಿಡಿದು ಹೋದ ಮೇಲೆ ಹೊಳೆಯಿತು. ಅಂದು ಅವರು ಕಲಿತು ಹೋದದ್ದು ಹೊಟ್ಟೆಯುಸಿರು ಒಂದನ್ನೇ: ಕೈಯನ್ನು ಹೊಕ್ಕುಳ ಮೇಲಿಟ್ಟು, ಉಸಿರು ಎಳೆದಾಗ ಹೊಟ್ಟೆ ಮುಂದಕ್ಕೆ ಬರುವಂತೆ, ಎದೆ ಏರದಂತೆ.

ಎರಡನೆಯ ಭೇಟಿಯಲ್ಲಿ ಕ್ರಮವನ್ನು ತಿರುವುಮುರುವು ಮಾಡಿದೆ. ಬಿಡುವುದನ್ನು ಕೇಳಲೇ ಇಲ್ಲ. ಬೇಕೆಂದೇ ಪೂರ್ತಿ ಬಿಗಿಯಲು ಹೇಳಿದೆ. ಗೆರೆ 150ಕ್ಕೆ ಹಾರಿತು. ಈಗ ಅದರ ಅರ್ಧ, ಈಗ ಕಾಲು ಭಾಗ, ಈಗ ಬಿಗಿದೂ ಬಿಗಿಯದ ಹಾಗೆ ಎಂದು ಮೆಟ್ಟಿಲಿಳಿಸುತ್ತ ಹೋದೆವು. ಏರಿಸಬಲ್ಲವರು ಇಳಿಸಲೂ ಬಲ್ಲರು. ತಾನು ಏರಿಸುತ್ತಿದ್ದೇನೆ ಎಂಬುದು ಮೊದಲು ತಿಳಿಯಬೇಕಷ್ಟೆ. ನಾಲ್ಕನೆಯ ಸುತ್ತಿನಲ್ಲಿ ಅವರು ತಾವಾಗಿ ಹೇಳಿದರು: "ಒಂದನೇತ್ತದ ಹುಡುಗ್ರು ಬಳಪ ಭಾಳ ಗಟ್ಟಿ ಹಿಡೀತಾವ್ರಿ. ಪಾಟಿ ಮ್ಯಾಲ ಅಕ್ಷರ ಮೂಡಂಗಿಲ್ಲ, ಬಳಪ ಮುರೀತದ. ನಾವು ಬಿಡ ಅನ್ನಂಗಿಲ್ಲ, ಬಿಟ್ರ ಕೆಳಗ ಬೀಳ್ತದಲ್ರಿ. ಹಗೂರ್ಕ ಹಿಡಿ ಅಂತೀವಿ." ಆ ದಿನದಿಂದ ನಮ್ಮ ಕೊಠಡಿಯಲ್ಲಿ "ಸಡಿಲ ಬಿಡಿ" ಎಂಬ ಮಾತು ನಿಂತು "ಹಗೂರ್ಕ" ಎಂಬ ಮಾತು ಬಂತು. ಇತರ ರೋಗಿಗಳಿಗೂ ಈಗ ನಾನು ಅದನ್ನೇ ಬಳಸುತ್ತೇನೆ. ಭೇಟಿಯ ಕೊನೆಯ ಹೊತ್ತಿಗೆ ಮುಕ್ಕುವಾಗ ಕೆಂಪು ಗೆರೆ ಮೊದಲ ಬಾರಿಗೆ ಏರದೆ ನಿಂತಲ್ಲೇ ನಿಂತಿತು.

ಮೂರನೆಯ ಭೇಟಿಯಲ್ಲಿ ಉಸಿರನ್ನೂ ನೂಕುವುದನ್ನೂ ಜೋಡಿಸಿದೆವು. ಉಸಿರು ಹಿಡಿದು, ಮುಖ ಕೆಂಪಾಗಿಸಿಕೊಂಡು ಮುಕ್ಕುವ ಬದಲು, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯನ್ನು ಕೆಳಗಿಳಿಸಿ, ಪಕ್ಕೆಯ ಕೆಳಭಾಗವನ್ನು ಅಗಲಿಸಿ, ಬಾಯಿ ತೆರೆದು "ಹೋ" ಎಂದು ನಿಧಾನವಾಗಿ ಉಸಿರು ಬಿಡುತ್ತ ಹೊಟ್ಟೆಯಿಂದ ಒತ್ತುವುದು. ದವಡೆ ಬಿಗಿದಿದ್ದರೆ ಕೆಳಗಿನ ಸ್ನಾಯುವೂ ಬಿಗಿಯುವುದನ್ನು ಅವರು ಪರದೆಯಲ್ಲಿ ಕಣ್ಣಾರೆ ಕಂಡರು. ಅಂದು ನೀಲಿ ಗೆರೆ 45ಕ್ಕೆ ಏರಿದಾಗ ಕೆಂಪು 68ರಿಂದ 52ಕ್ಕೆ ಇಳಿಯಿತು.

ನಾಲ್ಕನೆಯದರಲ್ಲಿ ನೀರಿನ ಬಲೂನನ್ನು ಹೊರಹಾಕುವ ಅಭ್ಯಾಸ. ಮೊದಮೊದಲು ನಾನು ಮೆಲ್ಲಗೆ ಎಳೆದು ನೆರವಾಗುತ್ತಿದ್ದೆ, ನಂತರ ಬಿಟ್ಟೆ. ಅದರೊಟ್ಟಿಗೆ ಮಂದವಾಗಿದ್ದ ಸಂವೇದನೆಗೂ ತರಬೇತಿ: ಗಾಳಿಯ ಪ್ರಮಾಣವನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ, ಎಷ್ಟಾದಾಗ ಕರೆ ತಿಳಿಯುತ್ತದೆಂದು ಅವರು ಹೇಳಬೇಕು.

ಕೊನೆಯ ಎರಡು ಭೇಟಿಗಳಲ್ಲಿ ಪರದೆಯನ್ನು ಗೋಡೆಯತ್ತ ತಿರುಗಿಸಿದೆ. ನನ್ನ ದೃಷ್ಟಿಯಲ್ಲಿ ಇಡೀ ಚಿಕಿತ್ಸೆಯ ತಿರುಳು ಇಲ್ಲಿದೆ. ಸ್ನಾಯು ಬಿಟ್ಟಿದೆ ಎಂದು ತಮಗೆ ಅನ್ನಿಸಿದಾಗ ಅವರು "ಹೂಂ" ಎನ್ನಬೇಕು. ನಾನು ಗೆರೆ ನೋಡಿ ಹೌದು ಅಥವಾ ಅಲ್ಲ ಎನ್ನಬೇಕು. ಐದನೆಯ ಭೇಟಿಯಲ್ಲಿ ಹತ್ತರಲ್ಲಿ ಆರು ಸಲ, ಆರನೆಯದರಲ್ಲಿ ಹತ್ತರಲ್ಲಿ ಒಂಬತ್ತು ಸಲ ಅವರ ಅಂದಾಜು ಸರಿಯಾಯಿತು. ಮನೆಯ ಶೌಚಾಲಯದಲ್ಲಿ ಪರದೆ ಇರುವುದಿಲ್ಲ. ಕಣ್ಣು ಮಾಡುತ್ತಿದ್ದ ಕೆಲಸವನ್ನು ದೇಹದ ಒಳಗಿನ ಅರಿವಿಗೆ ಒಪ್ಪಿಸದೆ ತರಬೇತಿ ಮುಗಿಸಿದರೆ, ರೋಗಿ ಯಂತ್ರದ ಮುಂದೆ ಮಾತ್ರ ಆರೋಗ್ಯವಂತರಾಗಿರುತ್ತಾರೆ.

ಮನೆಯಲ್ಲಿ

ಭೇಟಿಗಳ ನಡುವೆ ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚಿರಲಿಲ್ಲ, ಆದರೆ ದಿನವೂ ಮಾಡಬೇಕಿತ್ತು. ತಿಂಡಿ ಚಹಾ ಆದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ಸಹಜವಾಗಿ ಚುರುಕಾಗುವುದರಿಂದ ಆ ಹೊತ್ತಿಗೇ ಹೋಗಿ ಕುಳಿತುಕೊಳ್ಳುವುದು. ಐದು ನಿಮಿಷಕ್ಕಿಂತ ಹೆಚ್ಚು ಕೂರದೆ, ಆಗದಿದ್ದರೆ ಎದ್ದುಬಿಡುವುದು. ದಿನಕ್ಕೆ ಮೂರು ಸಲ ಉಸಿರು ಮತ್ತು ಸ್ನಾಯುವಿನ ಅಭ್ಯಾಸ. ಮನೆಯಲ್ಲಿದ್ದದ್ದು ನೆಲಮಟ್ಟದ ಶೌಚಾಲಯವಾದ್ದರಿಂದ ಕುಳಿತುಕೊಳ್ಳುವ ಭಂಗಿಯ ಬಗ್ಗೆ ಹೇಳಿಕೊಡುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಇಬ್ಬರು ಮಕ್ಕಳ ಡಬ್ಬಿ ಕಟ್ಟಿ ಬಸ್ಸಿಗೆ ಓಡುವ ಹೆಂಗಸಿಗೆ ತಿಂಡಿಯ ನಂತರದ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ: ಡಬ್ಬಿ ಕಟ್ಟುವ ಕೆಲಸವನ್ನು ಪತಿ ವಹಿಸಿಕೊಂಡರು.

ತರಬೇತಿ ಮುಗಿದ ನಾಲ್ಕನೆಯ ತಿಂಗಳಿನಲ್ಲಿ ಹಿನ್ನಡೆಯಾಯಿತು. ಚುನಾವಣಾ ಕರ್ತವ್ಯಕ್ಕೆಂದು ಬೇರೆ ತಾಲ್ಲೂಕಿನ ಮತಗಟ್ಟೆಗೆ ಹಾಕಿದ್ದರು; ಎರಡು ದಿನ, ಒಂದು ರಾತ್ರಿ, ಮತ್ತೆ ಅದೇ ಚಿಲಕವಿಲ್ಲದ ಬಾಗಿಲು. ಅಲ್ಲಿಂದ ಬಂದ ಮೇಲೆ ಐದು ದಿನ ಏನೂ ಆಗದೆ, ಗಾಬರಿಯಾಗಿ, ಕಪಾಟಿನಲ್ಲಿದ್ದ ಹಳೆಯ ಬಿಸಾಕೊಡಿಲ್ ತೆಗೆದುಕೊಂಡು ಆಮೇಲೆ ನನಗೆ ಫೋನು ಮಾಡಿದರು. ಬರಲು ಹೇಳಿದೆ. ಯಂತ್ರ ಹಚ್ಚಲಿಲ್ಲ, ತಜ್ಞರು ಬೆರಳಿನಿಂದ ಪರೀಕ್ಷಿಸಿದಾಗ ಸ್ನಾಯು ಮುಕ್ಕುವಾಗ ಸರಿಯಾಗಿಯೇ ಬಿಡುತ್ತಿತ್ತು. ಕಲಿತದ್ದು ಹೋಗಿರಲಿಲ್ಲ, ಹಳೆಯ ಭಯ ಮರಳಿ ಬಂದಿತ್ತು. ಅದನ್ನು ತಿಳಿದದ್ದೇ ಅವರಿಗೆ ಸಾಕಾಯಿತು. ಎರಡು ವಾರದಲ್ಲಿ ಹಿಂದಿನ ಲಯಕ್ಕೆ ಬಂದರು.

ಫಲಿತಾಂಶ ಮತ್ತು ಅದರ ಮಿತಿ

ತರಬೇತಿ ಮುಗಿದ ಮೂರು ತಿಂಗಳಿಗೆ ಮ್ಯಾನೊಮೆಟ್ರಿ ಮತ್ತೊಮ್ಮೆ ಮಾಡಿದಾಗ, ಮುಕ್ಕುವಾಗ ಗುದದ್ವಾರದ ಒತ್ತಡ 70ರಿಂದ 46ಕ್ಕೆ, ಅಂದರೆ ಶೇ. 34ರಷ್ಟು ಇಳಿಯಿತು. ನೀರಿನ ಬಲೂನು 48 ಸೆಕೆಂಡಿನಲ್ಲಿ ಹೊರಬಂತು. ಕರೆ ತಿಳಿಯುವ ಪ್ರಮಾಣ 160ರಿಂದ 90 ಮಿ.ಲೀ.ಗೆ ಬಂದಿತ್ತು. ಅವರ ನೋಟುಪುಸ್ತಕದ ಲೆಕ್ಕದಂತೆ ವಾರಕ್ಕೆ ಐದು ಸಲ ಪೂರ್ತಿ ಸಮಾಧಾನವಾಗುವ ವಿಸರ್ಜನೆ, ಹೆಚ್ಚೆಂದರೆ ಆರು ನಿಮಿಷ, ಬೆರಳಿನ ಸಹಾಯ ಒಮ್ಮೆಯೂ ಇಲ್ಲ. ಹನ್ನೆರಡನೆಯ ತಿಂಗಳಿನಲ್ಲಿ ವಾರಕ್ಕೆ ನಾಲ್ಕರಿಂದ ಐದು. ಹೊಟ್ಟೆಯುಬ್ಬರ ಮಾತ್ರ ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ. ರಾತ್ರಿ ಒಂದು ಚಮಚ ಇಸಬಗೋಲು ಈಗಲೂ ನಡೆಯುತ್ತಿದೆ.

ಒಂದು ಪ್ರಕರಣದಿಂದ ಏನನ್ನು ಸಾಧಿಸಬಹುದು, ಏನನ್ನು ಸಾಧಿಸಲಾಗದು ಎಂಬುದರ ಬಗ್ಗೆ ಎಚ್ಚರ ಬೇಕು. ತರಬೇತಿಯ ಆ ಮೂರು ತಿಂಗಳಿನಲ್ಲಿ ಅವರ ಬೆಳಗಿನ ವೇಳಾಪಟ್ಟಿ ಬದಲಾಗಿತ್ತು, ನೀರು ಕುಡಿಯುವುದು ಹೆಚ್ಚಿತ್ತು, ಎರಡು ವಾರಕ್ಕೊಮ್ಮೆ ಒಬ್ಬರು ಕೂತು ಸಾವಧಾನದಿಂದ ಅವರ ಮಾತು ಕೇಳುತ್ತಿದ್ದರು. ಇವುಗಳಲ್ಲಿ ಯಾವುದರ ಪಾಲೆಷ್ಟು ಎಂದು ಈ ಒಬ್ಬ ರೋಗಿಯ ದಾಖಲೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ. ಒಳ್ಳೆಯ ಶೌಚಾಲಯ ಸಿಕ್ಕಿ ಐದು ವರ್ಷವಾದರೂ ಗುಣವಾಗದ ತೊಂದರೆ ಆರು ಭೇಟಿಗಳಲ್ಲಿ ತಿರುಗಿತು ಎಂಬುದು, ಮತ್ತು ಬದಲಾದದ್ದು ಅವರ ಹೇಳಿಕೆಯಷ್ಟೇ ಅಲ್ಲ, ಯಂತ್ರದ ಅಂಕಿಯೂ ಹೌದು ಎಂಬುದು ಮಾತ್ರ ತರಬೇತಿಯ ಪರವಾಗಿ ನಿಲ್ಲುವ ಸಾಕ್ಷ್ಯ.

ಮಲಬದ್ಧತೆ ಇರುವ ಎಲ್ಲರಿಗೂ ಇದು ಮದ್ದಲ್ಲ. ಕಿಯಾರಿಯೋನಿ ತಂಡವೇ 2005ರಲ್ಲಿ ತೋರಿಸಿದಂತೆ, ಡಿಸ್‌ಸಿನರ್ಜಿಯಾ ಇದ್ದವರಲ್ಲಿ ಶೇ. 71 ಮಂದಿ ಬಯೋಫೀಡ್‌ಬ್ಯಾಕ್‌ನಿಂದ ತೃಪ್ತರಾದರೆ, ಕರುಳಿನ ಚಲನೆಯಷ್ಟೇ ನಿಧಾನವಾಗಿದ್ದವರಲ್ಲಿ ತೃಪ್ತರಾದವರು ಶೇ. 8 ಮಾತ್ರ. ಬಾಗಿಲು ತೆರೆದೇ ಇದ್ದು ಬರುವವರೇ ತಡವಾದರೆ ಅಗಳಿ ತೆಗೆಯುವ ಪಾಠದಿಂದ ಪ್ರಯೋಜನವಿಲ್ಲ. ಆದ್ದರಿಂದ ಪರೀಕ್ಷೆ ಇಲ್ಲದೆ ತರಬೇತಿ ಶುರುಮಾಡುವುದು ರೋಗಿಯ ಹಣವನ್ನೂ ಭರವಸೆಯನ್ನೂ ಒಟ್ಟಿಗೇ ಕಳೆಯುವ ದಾರಿ. ಮ್ಯಾನೊಮೆಟ್ರಿ ಯಂತ್ರ ಜಿಲ್ಲಾ ಕೇಂದ್ರಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ನಿಜ. ಕೈಗವಸು, ಬಲೂನು, ಗಡಿಯಾರ ಎಲ್ಲ ಕಡೆ ಸಿಗುತ್ತವೆ. ಯಾರನ್ನು ಮುಂದಕ್ಕೆ ಕಳುಹಿಸಬೇಕೆಂದು ತೀರ್ಮಾನಿಸಲು ಮೊದಲ ಹಂತದಲ್ಲಿ ಅಷ್ಟು ಸಾಕಾಗುತ್ತದೆ.

ಶಿಕ್ಷಕಿಯ ಸಂವೇದನೆಯ ಅಳತೆಯನ್ನು ಇನ್ನೊಮ್ಮೆ ನೋಡಿ, ಇಸಬಗೋಲನ್ನು ನಿಲ್ಲಿಸಬಹುದೇ ಎಂದು ನಿರ್ಧರಿಸುವುದು ಬಾಕಿಯಿದೆ. ಆ ಭೇಟಿಯನ್ನು ದಸರಾ ರಜೆಯಲ್ಲಿ ಇಟ್ಟುಕೊಂಡಿದ್ದೇವೆ. ರಜೆ ಅರ್ಜಿ ಬರೆಯುವ ಪ್ರಮೇಯ ಬರುವುದಿಲ್ಲ.